ಎರಡನೆಯ ಬರೋಣ ಮತ್ತು ಈ ದಿನದ ಕೆಲಸ

ಎಲ್ಲಿಯಾದರೂ ಭೂಮಿ ಕಂಪಿಸಿದರೆ, ಪಶ್ಚಿಮ ಏಷ್ಯದಲ್ಲಿ ಯುದ್ಧದ ಕಿಚ್ಚು ಹೊತ್ತಿಕೊಂಡರೆ, ಅಥವಾ ಹೆಸರರಿಯದ ಜ್ವರವೊಂದು ಊರಿಂದೂರಿಗೆ ಹಬ್ಬಿದರೆ, ಈ ಅಂಕಣದ ವಾಚಕರಿಂದ ಒಂದು ಬಗೆಯ ಪತ್ರಗಳು ಬರತೊಡಗುವುವು. ಇದೆಲ್ಲವೂ ಕ್ರೈಸ್ತರ ಗ್ರಂಥದಲ್ಲಿ ಮೊದಲೇ ಬರೆದಿದೆಯಂತೆ, ನಿಜವೆ? ಲೋಕಾಂತ್ಯಕ್ಕೆ ಅವರು ಗೊತ್ತುಮಾಡಿರುವ ವರ್ಷ ಯಾವುದು? ಲೋಕವೇ ಮುಗಿದುಹೋಗುವುದೆಂದು ನಂಬಿದವರು ಶಾಲೆ ಆಸ್ಪತ್ರೆಗಳನ್ನು ಅಷ್ಟೊಂದು ಶ್ರದ್ಧೆಯಿಂದ ಏಕೆ ಕಟ್ಟುತ್ತಾರೆ? ಮೊದಲೆರಡು ಪ್ರಶ್ನೆಗಳು ಕುತೂಹಲದಿಂದ ಹುಟ್ಟಿದವು. ಕೊಡೇಕಲ್ಲಿನ ಕಾಲಜ್ಞಾನವನ್ನೂ ಮೈಲಾರದ ಕಾರಣಿಕವನ್ನೂ ಕೇಳುತ್ತ ಬಂದಿರುವ ನಾಡಿನಲ್ಲಿ ಅಂಥ ಕುತೂಹಲ ಸಹಜವಾದುದೇ ಸರಿ. ಆದರೆ ವಿಷಯದ ಮರ್ಮವನ್ನು ಮುಟ್ಟಿರುವುದು ಮೂರನೆಯ ಪ್ರಶ್ನೆ. ಆದಕಾರಣ ಮೊದಲೆರಡಕ್ಕೆ ಬೇಕಾದಷ್ಟನ್ನೇ ಹೇಳಿ, ಮೂರನೆಯದರ ಬಳಿ ಹೆಚ್ಚು ಹೊತ್ತು ನಿಲ್ಲಬೇಕೆಂದು ಬಯಸುತ್ತೇನೆ.

ನಾನು ಬೆಳೆದದ್ದು ಮಂಗಳೂರಿನ ಬಲ್ಮಠದ ಗುಡ್ಡದ ಆಸುಪಾಸಿನಲ್ಲಿ. ನೆರೆಹೊರೆಯ ಪ್ರೊಟೆಸ್ಟೆಂಟ್ ಮನೆಗಳಲ್ಲಿ ‘ಕರ್ತನ ಎರಡನೆಯ ಬರೋಣ’ ಎಂಬುದು ಮಳೆಗಾಲದ ಬರವಿನಷ್ಟೇ ನಿತ್ಯದ ಮಾತಾಗಿತ್ತು. ಆ ಬರೋಣದ ಕುರಿತು ಕ್ರೈಸ್ತ ಸಭೆ ಒಟ್ಟಾಗಿ ಒಪ್ಪಿಕೊಂಡಿರುವುದು ಎಷ್ಟೆಂಬುದನ್ನು ತಿಳಿಯಬೇಕಾದರೆ, 325ರಲ್ಲಿ ನೈಸೀಯದಲ್ಲಿ ನೆರೆದ ಬಿಷಪ್ಪರ ಮಹಾಸಭೆಯಿಂದಲೂ 381ರ ಕಾನ್‌ಸ್ಟಾಂಟಿನೋಪಲಿನ ಮಹಾಸಭೆಯಿಂದಲೂ ಪರಂಪರೆಯಾಗಿ ಬಂದು, ಇಂದಿಗೂ ಆರಾಧನೆಯಲ್ಲಿ ಪಠಿಸಲ್ಪಡುವ ವಿಶ್ವಾಸಪ್ರಮಾಣವನ್ನು ನೋಡಬೇಕು. ಕ್ರಿಸ್ತನು ಮಹಿಮೆಯಿಂದ ಮತ್ತೆ ಬರುವನು, ಬದುಕಿರುವವರಿಗೂ ಸತ್ತವರಿಗೂ ನ್ಯಾಯ ತೀರಿಸುವನು, ಅವನ ರಾಜ್ಯಕ್ಕೆ ಕೊನೆಯಿಲ್ಲ, ಸತ್ತವರು ಎದ್ದುಬರುವರು, ಬರಲಿರುವ ಲೋಕದಲ್ಲಿ ಜೀವವಿದೆ. ಅಲ್ಲಿರುವ ತಾತ್ಪರ್ಯ ಇಷ್ಟೇ. ವರ್ಷವಿಲ್ಲ, ತಿಥಿಯಿಲ್ಲ, ಯುದ್ಧಗಳ ಅನುಕ್ರಮವಿಲ್ಲ, ಮೃಗದ ಮುದ್ರೆಯ ಪ್ರಸ್ತಾಪವಿಲ್ಲ, ಸಹಸ್ರವರ್ಷದ ಆಳ್ವಿಕೆಯೂ ಇಲ್ಲ. ಕೋಟ್ಯಂತರ ಜನ ಶತಮಾನಗಳಿಂದ ಬಾಯಲ್ಲಿ ಹೇಳುತ್ತ ಬಂದಿರುವ ಆ ಕೆಲವು ಮಾತುಗಳಲ್ಲಿ ಪಂಚಾಂಗಕ್ಕೆ ಎಡೆಯೇ ಇಲ್ಲವೆಂಬುದನ್ನು ನಮ್ಮ ಪತ್ರಲೇಖಕರು ಮೊದಲು ಗಮನಿಸಬೇಕು.

ಜನರ ಕಲ್ಪನೆಯನ್ನು ಸೆಳೆದಿರುವ ಮೃಗ, ಸಂಖ್ಯೆ, ಮಹಾಸಂಗ್ರಾಮ ಮುಂತಾದ ವಿವರಗಳು ಬಹುಮಟ್ಟಿಗೆ ಬಂದಿರುವುದು ಬೈಬಲಿನ ಕಡೆಯ ಪುಸ್ತಕವಾದ ‘ಪ್ರಕಟನೆ’ಯಿಂದ. ಪತ್ಮೋಸ್ ಎಂಬ ಸಣ್ಣ ದ್ವೀಪದಲ್ಲಿದ್ದ ಯೋಹಾನನೆಂಬ ಭಕ್ತನು, ಬಹುಶಃ ಒಂದನೆಯ ಶತಮಾನದ ಕೊನೆಯಲ್ಲಿ, ಈಗಿನ ತುರ್ಕಿಯ ಪಶ್ಚಿಮ ಭಾಗದಲ್ಲಿದ್ದ ಏಳು ಸಭೆಗಳಿಗೆ ಬರೆದ ಪತ್ರವದು. ಚಕ್ರವರ್ತಿಯನ್ನೇ ದೇವರೆಂದು ಪೂಜಿಸಬೇಕೆಂಬ ಒತ್ತಾಯ ಬೆಳೆಯುತ್ತಿದ್ದ ಕಾಲದಲ್ಲಿ, ಏಳು ಗುಡ್ಡಗಳ ಮೇಲೆ ಕುಳಿತ ಬಾಬೆಲೆಂಬ ಹೆಸರಿನಲ್ಲಿ ರೋಮ್ ನಗರವನ್ನು ಸೂಚಿಸಿ, ಆ ಮಹಾಸಾಮ್ರಾಜ್ಯವೂ ನಿತ್ಯವಲ್ಲವೆಂದು ಹಿಂಸೆಗೊಳಗಾದವರಿಗೆ ಧೈರ್ಯ ಹೇಳುವುದು ಅದರ ಉದ್ದೇಶವಾಗಿತ್ತು. ಅದರ 20ನೆಯ ಅಧ್ಯಾಯದಲ್ಲಿ ಬರುವ ಸಾವಿರ ವರ್ಷದ ಆಳ್ವಿಕೆಯ ವಿಚಾರವಾಗಿ ದೊಡ್ಡ ವಾದಗಳು ನಡೆದಿವೆ. ಎರಡನೆಯ ಶತಮಾನದ ಐರೇನಿಯಸ್ ಅದನ್ನು ಅಕ್ಷರಾರ್ಥದಲ್ಲಿ ಸ್ವೀಕರಿಸಿದನು, 410ರಲ್ಲಿ ರೋಮ್ ಸೂರೆಹೋದ ಮೇಲೆ ‘ದೇವರ ನಗರ’ವನ್ನು ಬರೆದ ಅಗಸ್ಟೀನನು, ಸಭೆ ಭೂಮಿಯ ಮೇಲೆ ನಡೆಯುತ್ತಿರುವ ಈ ಕಾಲವೇ ಆ ಸಾವಿರ ವರ್ಷದ ಅರ್ಥವೆಂದನು, ಹದಿನೆಂಟನೆಯ ಶತಮಾನದ ಅಮೆರಿಕೆಯ ಜೋನಥನ್ ಎಡ್ವರ್ಡ್ಸ್ ಮೊದಲಾದವರು ಸುವಾರ್ತೆಯ ಪ್ರಭಾವದಿಂದ ಲೋಕ ಕ್ರಮವಾಗಿ ಸುಧಾರಿಸಿ ಆ ಸುಭಿಕ್ಷಕಾಲ ಬರುವುದೆಂದು ನಂಬಿದರು. ಇಂದು ಚಲನಚಿತ್ರಗಳಲ್ಲಿಯೂ ಕಾದಂಬರಿಗಳಲ್ಲಿಯೂ ಕಾಣುವ, ಭಕ್ತರು ಥಟ್ಟನೆ ಮೇಲಕ್ಕೆ ಎತ್ತಲ್ಪಡುವರೆಂಬ ವ್ಯವಸ್ಥಿತ ಸಿದ್ಧಾಂತ ಹತ್ತೊಂಬತ್ತನೆಯ ಶತಮಾನದ ಜಾನ್ ನೆಲ್ಸನ್ ಡಾರ್ಬಿಯವರಿಂದ ರೂಪುಗೊಂಡು, 1909ರಲ್ಲಿ ಪ್ರಕಟವಾದ ಸ್ಕೋಫೀಲ್ಡರ ಟಿಪ್ಪಣಿಸಹಿತ ಬೈಬಲಿನ ಮೂಲಕ ಪ್ರಚಾರಕ್ಕೆ ಬಂದಿತು. ಈ ವಾದಗಳ ತಾರತಮ್ಯವನ್ನು ನಿರ್ಣಯಿಸುವುದು ನನ್ನ ಕೆಲಸವಲ್ಲ. ಒಂದೇ ಪುಟವನ್ನು ಓದಿ ಒಬ್ಬರು ಲೋಕಸೇವೆಗೆ ತೊಡಗಿದರು, ಮತ್ತೊಬ್ಬರು ಲೋಕವನ್ನೇ ಕೈಬಿಟ್ಟರು ಎಂಬುದೇ ನನ್ನನ್ನು ಬಹುಕಾಲದಿಂದ ಕಾಡಿರುವ ಸಂಗತಿ.

ಕೈಬಿಟ್ಟವರ ಕಥೆ ಬಹು ಹಿಂದಿನಿಂದಲೇ ಆರಂಭವಾಗುತ್ತದೆ. ಪೌಲನು ಸುಮಾರು 50ನೆಯ ಇಸವಿಯಲ್ಲಿ ಪತ್ರ ಬರೆದ ಥೆಸಲೋನಿಕದ ಸಭೆಯಲ್ಲಿ, ಕರ್ತನ ದಿನ ಬಂದೇಬಿಟ್ಟಿತೆಂಬ ಗುಲ್ಲು ಎದ್ದಿತು. ದುಡಿಯುವುದನ್ನು ಬಿಟ್ಟು ಮನೆಮನೆ ತಿರುಗುವವರೂ ಅಲ್ಲಿದ್ದರು. ಆ ಸಭೆಗೆ ಪೌಲನ ಹೆಸರಿನಲ್ಲಿರುವ ಎರಡನೆಯ ಪತ್ರಿಕೆ ಅಂಥವರಿಗೆ ಕಟುವಾಗಿಯೇ ಬುದ್ಧಿ ಹೇಳುತ್ತದೆ: ದುಡಿಯಲೊಲ್ಲದವನು ಊಟಕ್ಕೂ ಕೂರತಕ್ಕದ್ದಲ್ಲ. ಸಾಕ್ಷಾತ್ ಯೇಸುವೇ ಆ ದಿನವನ್ನೂ ಗಳಿಗೆಯನ್ನೂ ದೇವದೂತರೂ ಅರಿಯರು, ಮಗನೂ ಅರಿಯನು, ತಂದೆಯೊಬ್ಬನೇ ಬಲ್ಲನು ಎಂಬರ್ಥದಲ್ಲಿ ಹೇಳಿರುವುದು ಮಾರ್ಕನ ಸುವಾರ್ತೆಯಲ್ಲಿದೆ. ಗುರುವೇ ಅರಿಯೆನೆಂದುದನ್ನು ಶಿಷ್ಯರು ಲೆಕ್ಕಹಾಕಿ ಹೇಳಹೊರಟದ್ದು ಈ ಧರ್ಮದ ಇತಿಹಾಸದ ಅತ್ಯಂತ ದುಃಖಕರವಾದ ಅಧ್ಯಾಯಗಳಲ್ಲೊಂದು.

ಆ ಲೆಕ್ಕಗಾರರಲ್ಲಿ ವಿಲಿಯಂ ಮಿಲ್ಲರರ ವೃತ್ತಾಂತ ಎಂದೂ ನನ್ನ ಮನಸ್ಸನ್ನು ಕಲಕುತ್ತದೆ. ಏಕೆಂದರೆ ಆತ ವಂಚಕನಲ್ಲ. ನ್ಯೂಯಾರ್ಕ್ ಸಂಸ್ಥಾನದ ಒಬ್ಬ ಸಾಧಾರಣ ರೈತ. 1812ರ ಯುದ್ಧದಲ್ಲಿ ಹೋರಾಡಿ, ಸಾವುಗಳನ್ನು ಕಣ್ಣಾರೆ ಕಂಡು, ಬೈಬಲನ್ನು ಮೊದಲಿಂದ ಕಡೆಯವರೆಗೆ ಪದಪದವಾಗಿ ಓದತೊಡಗಿದವರು. ದಾನಿಯೇಲನ ಗ್ರಂಥದ 2300 ದಿನಗಳೆಂದರೆ 2300 ವರ್ಷಗಳೆಂದೂ, ಅದರ ಗಣನೆ ಕ್ರಿಸ್ತಪೂರ್ವ 457ರಿಂದ ಆರಂಭವೆಂದೂ ಇಟ್ಟುಕೊಂಡು, ಸುಮಾರು 1843ರಲ್ಲಿ ಕ್ರಿಸ್ತನು ಬರುವನೆಂಬ ತೀರ್ಮಾನಕ್ಕೆ ಬಂದರು. ಬಂದಮೇಲೆಯೂ ಎಷ್ಟೋ ವರ್ಷ ಅಂಜಿ ಸುಮ್ಮನಿದ್ದು, 1831ರಲ್ಲಿ ಬೋಧಿಸಲಾರಂಭಿಸಿದರು. ಪತ್ರಿಕೆಗಳು ಹೊರಟವು, ಮೃಗಗಳ ಚಿತ್ರಗಳೂ ಅಂಕಿಗಳೂ ತುಂಬಿದ ದೊಡ್ಡ ಪಟಗಳು ಡೇರೆಗಳಲ್ಲಿ ತೂಗಿದುವು, ಹತ್ತಾರು ಸಾವಿರ ಜನ ನಂಬಿದರು. ಹೇಳಿದ ಅವಧಿ ಕಳೆದಾಗ ಅನುಯಾಯಿಯೊಬ್ಬರು ಗಣನೆಯನ್ನು ತಿದ್ದಿ 1844ರ ಅಕ್ಟೋಬರ್ 22 ಎಂದು ನಿಶ್ಚಿತವಾದ ದಿನವನ್ನೇ ಕೊಟ್ಟರು. ಸುಗ್ಗಿಯ ಕಾಲವದು. ಕೆಲವರು ಬೆಳೆಯನ್ನು ಹೊಲದಲ್ಲೇ ಬಿಟ್ಟರು, ಕೆಲವರು ಅಂಗಡಿ ಮುಚ್ಚಿದರು. ರಾತ್ರಿ ಹನ್ನೆರಡು ಹೊಡೆದು, ಬೆಳಗಾಗಿ, ಎಂದಿನ ಸೂರ್ಯ ಎಂದಿನಂತೆ ಮೂಡಿದಾಗ, ಬೆಳಗಿನವರೆಗೆ ತಾವು ಒಟ್ಟಿಗೆ ಅತ್ತೆವೆಂದು ಅವರಲ್ಲೊಬ್ಬರಾದ ಹೈರಮ್ ಎಡ್ಸನ್ ಮುಂದೆ ನೆನೆದು ಬರೆದಿದ್ದಾರೆ. ಮಿಲ್ಲರರು ಐದು ವರ್ಷದ ಮೇಲೆ ತೀರಿಕೊಂಡರು.

ಆ ನಿರಾಶೆಗೊಂಡವರಲ್ಲಿ ಒಂದು ಗುಂಪು 1863ರಲ್ಲಿ ಸೆವೆಂತ್‌ಡೇ ಅಡ್ವೆಂಟಿಸ್ಟ್ ಸಭೆಯಾಗಿ ಸಂಘಟಿತವಾಯಿತು. ಬರೋಣ ಸಮೀಪವೆಂಬ ನಂಬಿಕೆಯನ್ನು ಅವರು ಬಿಡಲಿಲ್ಲ. ದಿನವನ್ನು ಗೊತ್ತುಮಾಡುವುದನ್ನು ಮಾತ್ರ ಬಿಟ್ಟರು. ಸಂಘಟಿತವಾದ ಮೂರನೆಯ ವರ್ಷಕ್ಕೆ, ಅಂದರೆ 1866ರಲ್ಲಿ, ಮಿಶಿಗನ್ನಿನ ಬ್ಯಾಟಲ್ ಕ್ರೀಕಿನಲ್ಲಿ ಆರೋಗ್ಯಸಂಸ್ಥೆಯೊಂದನ್ನು ತೆರೆದರು. ಇಂದು ಲೋಕದ ಅನೇಕ ದೇಶಗಳಲ್ಲಿ ಅವರ ಆಸ್ಪತ್ರೆಗಳಿವೆ. ನಾಳೆಯೇ ಮುಗಿಯುವ ಲೋಕದಲ್ಲಿ ರೋಗಿಯ ದೇಹಕ್ಕೆ ಇಷ್ಟು ಆರೈಕೆ ಏಕೆ ಎಂದು ಅವರನ್ನು ಕೇಳಿದರೆ, ಬರುವಾತನು ರೋಗಿಗಳನ್ನು ಮುಟ್ಟಿ ವಾಸಿಮಾಡಿದವನಲ್ಲವೆ ಎಂಬುದೇ ಅವರ ಉತ್ತರ.

ಇನ್ನೊಂದು ಬಗೆಯ ದಾರಿತಪ್ಪುವಿಕೆ ಇದಕ್ಕಿಂತ ಭಯಂಕರವಾದುದು. ದೇವರ ರಾಜ್ಯವನ್ನು ಕಾಯುವ ತಾಳ್ಮೆಯಿಲ್ಲದೆ ಅದನ್ನು ಕತ್ತಿಯಿಂದ ಬರಿಸಹೊರಟವರದು ಆ ದಾರಿ. 1534ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್ ನಗರವನ್ನು ವಶಪಡಿಸಿಕೊಂಡ ಒಂದು ಗುಂಪು ಅದೇ ಹೊಸ ಯೆರೂಸಲೇಮೆಂದು ಸಾರಿತು. ಅವರ ಪ್ರವಾದಿ ಯಾನ್ ಮಾಥಿಸ್ ಆ ವರ್ಷದ ಈಸ್ಟರಿಗೆ ಲೋಕತೀರ್ಪು ಎಂದಿದ್ದನು. ಆ ದಿನ ಬೆರಳೆಣಿಕೆಯ ಜನರೊಡನೆ ಮುತ್ತಿಗೆಯ ಸೈನ್ಯದ ಮೇಲೆ ಬಿದ್ದು ಹತನಾದನು. ಅವನ ಬಳಿಕ ಬಂದ ಲೀಡನ್ನಿನ ಯಾನ್ ತನ್ನನ್ನೇ ರಾಜನೆಂದು ಕರೆದುಕೊಂಡು, ಎದುರು ನುಡಿದವರನ್ನು ಕೊಲ್ಲಿಸಿ, ಹಲವು ಹೆಂಡಿರನ್ನು ಕಟ್ಟಿಕೊಂಡು, ಹಸಿದ ಊರನ್ನು 1535ರ ಜೂನಿನವರೆಗೆ ಆಳಿದನು. ಊರು ಬಿದ್ದ ಮೇಲೆ ಗೆದ್ದವರ ಕ್ರೌರ್ಯವೂ ಕಡಮೆಯದಾಗಿರಲಿಲ್ಲ: ಮೂವರು ನಾಯಕರ ಹೆಣಗಳನ್ನಿಟ್ಟು ನೇತುಹಾಕಿದ ಕಬ್ಬಿಣದ ಪಂಜರಗಳು ಅಲ್ಲಿನ ಸಂತ ಲ್ಯಾಂಬರ್ಟರ ದೇವಾಲಯದ ಗೋಪುರದಲ್ಲಿ ಇಂದಿಗೂ ತೂಗುತ್ತಿವೆ. ಇದನ್ನು ಕಂಡು ನೊಂದ ಮೆನ್ನೊ ಸೈಮನ್ಸ್ ಎಂಬ ಪಾದ್ರಿ 1536ರಲ್ಲಿ ತನ್ನ ಹುದ್ದೆಯನ್ನು ಬಿಟ್ಟು, ಚದುರಿಹೋದ ಅದೇ ಜನರನ್ನು ಶಸ್ತ್ರತ್ಯಾಗದ ಮಾರ್ಗಕ್ಕೆ ತಂದನು; ಅವನ ಹೆಸರಿನ ಮೆನ್ನೊನೈಟರು ಯುದ್ಧಕ್ಕೆ ಹೋಗೆವೆಂಬ ವ್ರತವನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದಿದ್ದಾರೆ. ಹಳೆಯ ಕಾಲದ ಹುಚ್ಚೆಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. 2023ರಲ್ಲಿ ಕೀನ್ಯಾದ ಶಾಕಹೋಲ ಕಾಡಿನಲ್ಲಿ 400ಕ್ಕೂ ಹೆಚ್ಚು ಶವಗಳನ್ನು ಅಗೆದು ತೆಗೆಯಬೇಕಾಯಿತು. ಲೋಕಾಂತ್ಯಕ್ಕೆ ಮುಂಚೆ ಯೇಸುವನ್ನು ಸೇರಬೇಕೆಂದು ಉಪವಾಸದಿಂದ ಪ್ರಾಣಬಿಟ್ಟವರು ಅವರಲ್ಲಿದ್ದರು, ಮಕ್ಕಳೂ ಇದ್ದರು. ಆ ಮಕ್ಕಳನ್ನು ನೆನೆದಾಗ, ಅಂತ್ಯಕಾಲದ ಬೋಧೆಯೆಂಬುದು ಪಂಡಿತರ ಚರ್ಚೆಗೆ ಬಿಟ್ಟುಬಿಡಬಹುದಾದ ವಿಷಯವೆಂದು ನನಗೆ ಅನ್ನಿಸುವುದಿಲ್ಲ.

ಹಾಗಾದರೆ ಒಳ್ಳೆಯ ಬೋಧೆಯನ್ನು ಗುರುತಿಸುವುದು ಹೇಗೆ? ಒರೆಗಲ್ಲು ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿಯೇ ಇದೆ. ಅಲ್ಲಿ ಅರಸನು ಸಿಂಹಾಸನದ ಮೇಲೆ ಕುಳಿತು, ಕುರುಬನು ಕುರಿಗಳನ್ನೂ ಆಡುಗಳನ್ನೂ ವಿಂಗಡಿಸುವಂತೆ ಜನಾಂಗಗಳನ್ನು ವಿಂಗಡಿಸುತ್ತಾನೆ. ಆಗ ಅವನು ಕೇಳುವ ಸಂಗತಿಗಳು ನೋಡಿದರೆ ತೀರ ಸಾಮಾನ್ಯವಾದವು: ಹಸಿದವನಿಗೆ ಅನ್ನ ಕೊಟ್ಟೆಯಾ, ಬಾಯಾರಿದವನಿಗೆ ನೀರು ಕೊಟ್ಟೆಯಾ, ಪರದೇಶಿಯನ್ನು ಮನೆಗೆ ಕರೆದೆಯಾ, ಬಟ್ಟೆಯಿಲ್ಲದವನಿಗೆ ಹೊದಿಸಿದೆಯಾ, ರೋಗಿಯನ್ನೂ ಸೆರೆಯಾಳನ್ನೂ ಹೋಗಿ ನೋಡಿದೆಯಾ. ಮಾಡಿದವರೂ ಬೆರಗಾಗುತ್ತಾರೆ, ಮಾಡದವರೂ ಬೆರಗಾಗುತ್ತಾರೆ; ಏಕೆಂದರೆ ಆ ಹಸಿದವನಲ್ಲಿ ಅರಸನೇ ಇದ್ದನೆಂಬುದು ಎರಡು ಪಂಗಡಕ್ಕೂ ತಿಳಿದಿರಲಿಲ್ಲ. ಯಾರು ಯಾವ ಸಿದ್ಧಾಂತವನ್ನು ನಂಬಿದ್ದರು, ಯಾರ ಗಣನೆ ಸರಿಯಾಗಿತ್ತು ಎಂಬುದನ್ನು ಆ ನ್ಯಾಯಾಧಿಪತಿ ವಿಚಾರಿಸುವುದೇ ಇಲ್ಲ.

ನಮ್ಮ ಬೀದಿಯಲ್ಲಿ ಒಬ್ಬ ವೃದ್ಧೆಯಿದ್ದರು. ಹರೆಯದಲ್ಲಿ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರು. ತನ್ನ ಜೀವಮಾನದಲ್ಲೇ ಬರೋಣವನ್ನು ಕಾಣುವೆನೆಂಬ ದೃಢವಾದ ನಂಬಿಕೆ ಅವರಿಗೆ. ಭಾನುವಾರ ಆರಾಧನೆ ಮುಗಿದ ಮೇಲೆ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುಚ್ಚಲಕ್ಕಿಯ ಗಂಜಿ, ಎಲೆಯಲ್ಲಿ ಕಟ್ಟಿದ ಉಪ್ಪಿನಕಾಯಿ, ಇಷ್ಟನ್ನು ಹಿಡಿದು ವೆನ್‌ಲಾಕ್ ಆಸ್ಪತ್ರೆಗೆ ನಡೆದುಹೋಗಿ, ಬಂಧುಬಳಗ ಯಾರೂ ಬಾರದ ರೋಗಿಗಳನ್ನು ಹುಡುಕಿ ಉಣಿಸಿ ಬರುತ್ತಿದ್ದರು. ಕಾಲೇಜಿನ ವಿದ್ಯಾರ್ಥಿಯಾಗಿದ್ದ ನಾನು ಒಮ್ಮೆ, “ಅಮ್ಮಾ, ಕರ್ತನು ಇಷ್ಟರಲ್ಲೇ ಬಂದು ಎಲ್ಲ ಸರಿಮಾಡುವುದಾದರೆ ನೀವೇಕೆ ಈ ಬಿಸಿಲಲ್ಲಿ ನಡೆಯುತ್ತೀರಿ?” ಎಂದು ಕೇಳಿದೆ. ಪಾತ್ರೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು ಅವರು, “ಬಂದವನು ಈ ಗಂಜಿಯ ಲೆಕ್ಕ ಕೇಳುತ್ತಾನಲ್ಲ ಮಗಾ, ಆಗ ನಾನು ಏನು ಹೇಳಲಿ?” ಎಂದರು. ಮುಂದೆ ನಾನು ಓದಿದ ದೇವಶಾಸ್ತ್ರದ ದಪ್ಪ ಪುಸ್ತಕಗಳಲ್ಲಿ ಈ ಮಾತಿಗೆ ವಿರುದ್ಧವಾದುದೇನೂ ನನಗೆ ಸಿಗಲಿಲ್ಲ.

ಇದೇ ಮನೋಧರ್ಮ ರಾಜ್ಯಾಡಳಿತದ ಮಂದಿರದಲ್ಲಿ ಹೇಗೆ ಕಾಣಿಸಿಕೊಂಡಿತೆಂಬುದಕ್ಕೆ 1780ರ ಮೇ 19ರ ಪ್ರಸಂಗವೊಂದುಂಟು. ಅಂದು ಅಮೆರಿಕೆಯ ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ ಹಗಲೇ ಕತ್ತಲಾಯಿತು. ಕೋಳಿಗಳು ಗೂಡು ಸೇರಿದುವು, ಮಧ್ಯಾಹ್ನದ ಊಟಕ್ಕೆ ದೀಪ ಹಚ್ಚಬೇಕಾಯಿತು. ಕಾಡುಗಿಚ್ಚುಗಳ ಹೊಗೆ ದಟ್ಟವಾದ ಮೋಡದೊಡನೆ ಕೂಡಿಕೊಂಡುದೇ ಕಾರಣವೆಂದು ಇಂದಿನ ವಿದ್ವಾಂಸರು ಹೇಳುತ್ತಾರೆ. ಆದರೆ ಸೂರ್ಯನು ಕಪ್ಪಾಗುವನೆಂಬ ವೇದವಾಕ್ಯವನ್ನು ಬಾಯಿಪಾಠವಾಗಿ ಬಲ್ಲ ಆ ಜನಕ್ಕೆ ನ್ಯಾಯತೀರ್ಪಿನ ದಿನವೇ ಬಂದಂತಾಯಿತು. ಕನೆಕ್ಟಿಕಟ್ಟಿನ ಹಾರ್ಟ್‌ಫರ್ಡ್ ನಗರದಲ್ಲಿ ಶಾಸನಸಭೆ ನಡೆಯುತ್ತಿತ್ತು. ಕೆಳಮನೆಯವರು ಎದ್ದುಹೋದರು, ಮೇಲ್ಮನೆಯಲ್ಲಿಯೂ ಅದೇ ಸಲಹೆ ಬಂದಿತು. ಆಗ ಸ್ಟ್ಯಾಮ್‌ಫರ್ಡಿನ ಸದಸ್ಯರಾದ ಅಬ್ರಹಾಂ ಡೇವನ್‌ಪೋರ್ಟ್ ಎದ್ದುನಿಂತರು. ಅವರ ಮಾತಿನ ಭಾವ ಇದು: ತೀರ್ಪಿನ ದಿನ ಬರುತ್ತಿದೆ, ಅಥವಾ ಬರುತ್ತಿಲ್ಲ, ಬರುತ್ತಿಲ್ಲವಾದರೆ ಸಭೆ ಮುಗಿಸಲು ಕಾರಣವಿಲ್ಲ, ಬರುತ್ತಿದೆಯಾದರೆ ನನ್ನ ಕರ್ತವ್ಯವನ್ನು ಮಾಡುತ್ತಿರುವಾಗಲೇ ಅದು ನನ್ನನ್ನು ಕಾಣಲಿ, ಆದ್ದರಿಂದ ಮೇಣದ ಬತ್ತಿಗಳನ್ನು ತರಿಸಿರಿ. ಆತ ದೇವರ ದಿನವನ್ನು ಅಲ್ಲಗಳೆಯಲಿಲ್ಲವೆಂಬುದು ಗಮನಾರ್ಹ. ಅದು ಬರಬಹುದೆಂದು ಮನಃಪೂರ್ವಕವಾಗಿ ನಂಬಿದ್ದುದರಿಂದಲೇ ಕುರ್ಚಿ ಬಿಟ್ಟು ಏಳಲು ಆತನಿಗೆ ಮನಸ್ಸಾಗಲಿಲ್ಲ.

ನಮ್ಮ ಮಂಗಳೂರಿಗೂ ಈ ಇತಿಹಾಸಕ್ಕೂ ಇರುವ ನಂಟನ್ನು ಹೇಳದೆ ಮುಂದೆ ಹೋಗಲಾರೆ. ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದ ಭಕ್ತಜನರಿಗೆ ಗುರುಸ್ಥಾನದಲ್ಲಿದ್ದ ಯೋಹಾನ್ ಆಲ್ಬ್ರೆಖ್ಟ್ ಬೆಂಗೆಲರು ಹದಿನೆಂಟನೆಯ ಶತಮಾನದಲ್ಲಿ ಪ್ರಕಟನೆಯ ಅಂಕಿಗಳನ್ನು ಗಣಿಸಿ, ಮಹಾಪರಿವರ್ತನೆಯ ವರ್ಷ 1836 ಎಂದಿದ್ದರು. ಅವರು ಸಾಧಾರಣ ಪಂಡಿತರಲ್ಲ. ಹೊಸ ಒಡಂಬಡಿಕೆಯ ಗ್ರೀಕ್ ಪಾಠಸಂಶೋಧನೆಗೆ ಅವರ ಕೊಡುಗೆ ದೊಡ್ಡದು. 1816ರ ಭೀಕರ ಕ್ಷಾಮದ ಬಳಿಕ ಆ ಪ್ರಾಂತದ ಎಷ್ಟೋ ಕುಟುಂಬಗಳು, ಕಡೆಯ ದಿನಗಳಲ್ಲಿ ಆಶ್ರಯವಾಗುವುದೆಂದು ನಂಬಿ, ಕಾಕಸಸ್ ಪರ್ವತದ ಕಡೆಗೆ ವಲಸೆ ಹೊರಟವು. ಇಂಥ ನಿರೀಕ್ಷೆಯ ವಾತಾವರಣದಲ್ಲಿಯೇ 1815ರಲ್ಲಿ ಬಾಸೆಲ್ ಮಿಶನ್ ಹುಟ್ಟಿತು. ವ್ಯೂರ್ಟೆಂಬರ್ಗಿನ ಹಳ್ಳಿಗಳಿಂದಲೇ ಅದಕ್ಕೆ ಬಹುಮಂದಿ ಸೇವಕರು ಒದಗಿದರು. 1834ರಲ್ಲಿ ಅದರ ಮೊದಲ ಮೂವರು ಮಂಗಳೂರಿಗೆ ಬಂದಿಳಿದರು. ಆ ಪ್ರಾಂತದವರೇ ಆದ ಹರ್ಮನ್ ಮ್ಯೋಗ್ಲಿಂಗರು ಬಂದದ್ದು 1836ರಲ್ಲಿ, ಬೆಂಗೆಲರು ಹೇಳಿದ್ದ ವರ್ಷದಲ್ಲಿಯೇ. ಆ ವರ್ಷ ಎಲ್ಲ ವರ್ಷಗಳಂತೆ ಕಳೆದುಹೋಯಿತು. ಮ್ಯೋಗ್ಲಿಂಗರು ಕುಳಿತು ಕನ್ನಡ ಕಲಿತರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು.

ಮತಾಂತರಗೊಂಡವರು ಕುಲದಿಂದಲೂ ಕಸುಬಿನಿಂದಲೂ ಹೊರಗಾಗಿ ಅನ್ನಕ್ಕೆ ದಾರಿಯಿಲ್ಲದೆ ನಿಂತಾಗ, ಆ ಕಷ್ಟಕ್ಕೆ ತಾನೂ ಕಾರಣವಾಗಿದ್ದ ಮಿಶನ್ ನೇಯ್ಗೆಯ ಮಗ್ಗಗಳನ್ನು ಹೂಡಿತು. 1865ರಲ್ಲಿ ಪ್ಲೆಬ್‌ಸ್ಟ್ ಎಂಬವರು ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವಾಗ ನಮ್ಮ ಮನೆಯ ಮಾಡಿನಿಂದ ಇಳಿಸಿದ ಹೆಂಚುಗಳನ್ನು ತೊಳೆದು ಒಣಗಲು ಇಡುವುದು ಬಾಲ್ಯದಲ್ಲಿ ನನ್ನ ಪಾಲಿನ ಕೆಲಸವಾಗಿತ್ತು. ಪಾಚಿಯನ್ನು ತೆಂಗಿನ ನಾರಿನಿಂದ ಉಜ್ಜಿದರೆ ಕೆಂಪು ಮಣ್ಣಿನಲ್ಲಿ ಉಬ್ಬಿದ ಅಕ್ಷರಗಳು ಕಾಣುತ್ತಿದ್ದವು: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865. ಉತ್ತರ ಜರ್ಮನಿಯವರಾದ ಕಿಟ್ಟೆಲರು ಅದೇ ಮಿಶನ್ನಿನಿಂದ 1853ರಲ್ಲಿ ಇಲ್ಲಿಗೆ ಬಂದು, ಸುಮಾರು 70,000 ಪದಗಳ ನಿಘಂಟನ್ನು 1894ರಲ್ಲಿ ನಮಗೆ ಕೊಟ್ಟರು. ಆ ಮಿಶನ್ನಿನವರ ಮತಪ್ರಚಾರದ ರೀತಿಯನ್ನು ಕುರಿತು ನನಗೂ ಭಿನ್ನಾಭಿಪ್ರಾಯಗಳುಂಟು. ಆದರೂ ಕರ್ತನು ಬರಲಿರುವನೆಂದು ದಿನವೂ ಪ್ರಾರ್ಥಿಸಿದವರು ಒಂದು ಪರಭಾಷೆಯ ಪದಗಳನ್ನು ಹತ್ತಾರು ವರ್ಷ ಆರಿಸುತ್ತ ಕುಳಿತುದನ್ನೂ, ನೂರು ಮಳೆಗಾಲಕ್ಕೆ ಬಾಳುವ ಹೆಂಚನ್ನು ಸುಟ್ಟುದನ್ನೂ ನೆನೆದಾಗ ನನ್ನಲ್ಲಿ ಗೌರವವೇ ಮೂಡುತ್ತದೆ. ಆ ಮಿಶನ್ನಿನ ಶಾಲೆಯಲ್ಲಿ ಕೆಲವು ವರ್ಷ ಅಧ್ಯಾಪಕರಾಗಿದ್ದ ಬ್ಲೂಮ್‌ಹಾರ್ಟರ ಮಗ ಕ್ರಿಸ್ಟೋಫ್ ಬ್ಲೂಮ್‌ಹಾರ್ಟರು, ದೇವರ ರಾಜ್ಯವನ್ನು ಕಾಯುವವನು ಕೂಲಿಕಾರರ ಪಕ್ಷದಲ್ಲಿ ನಿಲ್ಲದಿರಲು ಹೇಗೆ ಸಾಧ್ಯವೆಂದು 1899ರಲ್ಲಿ ಸಮಾಜವಾದಿ ಪಕ್ಷವನ್ನು ಸೇರಿದರು. ಅದಕ್ಕಾಗಿ ಪಾದ್ರಿಯ ಪದವಿಯನ್ನು ತೊರೆಯಬೇಕಾಯಿತು, ಅವರು ತೊರೆದರು.

ಒಬ್ಬ ವಾಚಕರು ಕೇಳಿರುವ ಮತ್ತೊಂದು ಸಂದೇಹಕ್ಕೂ ಇಲ್ಲಿ ಉತ್ತರ ಹೇಳಬಹುದು. ಭೂಮಿ ಹೇಗೂ ಸುಟ್ಟುಹೋಗುವುದಾದರೆ ಕಾಡು ನದಿಗಳ ಚಿಂತೆ ಕ್ರೈಸ್ತನಿಗೇಕೆ ಎಂದು ಅವರು ಬರೆದಿದ್ದಾರೆ. ಪೇತ್ರನ ಹೆಸರಿನ ಎರಡನೆಯ ಪತ್ರಿಕೆಯಲ್ಲಿ ಬೆಂಕಿಯ ಮಾತು ಉಂಟು, ನಿಜ. ಆದರೆ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನು ಸೃಷ್ಟಿಯೆಲ್ಲವೂ ಪ್ರಸವವೇದನೆಯಲ್ಲಿದ್ದು ಬಿಡುಗಡೆಯನ್ನು ಎದುರುನೋಡುತ್ತಿದೆಯೆನ್ನುತ್ತಾನೆ. ಪ್ರಕಟನೆಯ ಕೊನೆಯಲ್ಲಿಯೂ ಭಕ್ತರು ಭೂಮಿಯನ್ನು ಬಿಟ್ಟು ಮೇಲಕ್ಕೆ ಹೋಗುವುದಿಲ್ಲ, ನಗರವೇ ಪರಲೋಕದಿಂದ ಭೂಮಿಗೆ ಇಳಿದುಬರುತ್ತದೆ, ಅದರ ನಡುವೆ ನದಿ ಹರಿಯುತ್ತದೆ, ದಡದ ಮರದ ಎಲೆಗಳು ಜನಾಂಗಗಳನ್ನು ವಾಸಿಮಾಡುತ್ತವೆ. ಪ್ರಸವಿಸಲಿರುವವಳನ್ನು ಹಿಂಸಿಸುವವನು ಮಗುವಿಗಾಗಿ ಕಾಯುತ್ತಿದ್ದೇನೆಂದರೆ ಯಾರು ನಂಬುವರು?

ಇನ್ನು ನ್ಯಾಯತೀರ್ಪಿನ ಮಾತು. ಆಧುನಿಕರಾದ ನಮಗೆ ಅದು ಅಪ್ರಿಯವಾದುದು. ಬೆಂಕಿ ಗಂಧಕಗಳ ಬೆದರಿಕೆಯಿಂದ ಎಳೆಯ ಮಕ್ಕಳನ್ನು ನಡುಗಿಸುವ ಬೋಧಕರನ್ನು ಕಂಡಾಗ ನನಗೂ ಸಿಟ್ಟು ಬರುತ್ತದೆ. ಆದರೆ ತೀರ್ಪನ್ನು ಬೇಡುವವರು ಯಾರೆಂದು ಪ್ರಕಟನೆಯನ್ನೇ ಕೇಳಿದರೆ, ಯಜ್ಞವೇದಿಯ ಕೆಳಗಿರುವ ಹತರಾದವರ ಆತ್ಮಗಳು ಇನ್ನೆಷ್ಟು ಕಾಲವೆಂದು ಕೂಗುತ್ತಿವೆಯೆನ್ನುತ್ತದೆ ಅದು. 1943ರ ಜುಲೈಯಲ್ಲಿ ಹ್ಯಾಂಬರ್ಗ್ ನಗರ ಬಾಂಬುಗಳಿಂದ ಉರಿದಾಗ, ವಿಮಾನವಿರೋಧಿ ಫಿರಂಗಿಯ ಬಳಿ ಇದ್ದ ಯುರ್ಗನ್ ಮೋಲ್ಟ್‌ಮನ್ ಎಂಬ ಹದಿನೇಳು ವರ್ಷದ ಹುಡುಗನ ಪಕ್ಕದಲ್ಲೇ ಅವನ ಗೆಳೆಯ ಛಿದ್ರವಾದನು. ಸೆರೆಯಾಳಾಗಿ ಸ್ಕಾಟ್ಲೆಂಡಿನ ಶಿಬಿರದಲ್ಲಿ ಬೈಬಲನ್ನು ಓದಿದ ಆತ 1964ರಲ್ಲಿ ‘ನಿರೀಕ್ಷೆಯ ದೇವಶಾಸ್ತ್ರ’ವನ್ನು ಬರೆದು, ಅಂತ್ಯದ ಸಿದ್ಧಾಂತ ದೇವಶಾಸ್ತ್ರದ ಅನುಬಂಧವಲ್ಲ, ಅದರ ಜೀವಾಳವೆಂದು ಸಾಧಿಸಿದರು. ಕೊಂದವನೇ ಕಡೆಗೂ ಗೆದ್ದನೆಂದು ಒಪ್ಪಲಾರದ ಮನಸ್ಸಿನ ನಿರೀಕ್ಷೆ ಅದು. ಮೂವತ್ತು ವರ್ಷಗಳ ಬಳಿಕ, ಯುಗೋಸ್ಲಾವಿಯದ ಯುದ್ಧ ನಡೆಯುತ್ತಿದ್ದಾಗ, ವೈರಿಯನ್ನು ಅಪ್ಪಿಕೊಳ್ಳುವ ವಿಚಾರವಾಗಿ ಉಪನ್ಯಾಸ ಮಾಡಿದ ಕ್ರೊಯೇಷಿಯದ ಮಿರೊಸ್ಲಾವ್ ವೋಲ್ಫರನ್ನು ಅದೇ ಮೋಲ್ಟ್‌ಮನ್ನರು ಎದ್ದು, ಹಾಗಾದರೆ ನಿನ್ನ ನಾಡನ್ನು ಹಾಳುಗೆಡವುತ್ತಿರುವ ಸೆರ್ಬಿಯದ ಕಾದಾಳನ್ನು ಅಪ್ಪಬಲ್ಲೆಯಾ ಎಂದು ಕೇಳಿದರಂತೆ. ಆಗಲಾರದು, ಆದರೆ ಕ್ರಿಸ್ತನ ಹಿಂಬಾಲಕನಾಗಿ ಆಗಬೇಕು ಎಂಬುದು ವೋಲ್ಫರ ಉತ್ತರ. 1996ರ ತಮ್ಮ ಗ್ರಂಥದಲ್ಲಿ ಅವರು, ನ್ಯಾಯ ತೀರಿಸುವ ದೇವರೊಬ್ಬನಿದ್ದಾನೆಂಬ ನಂಬಿಕೆಯಿದ್ದರೆ ಮಾತ್ರ ಮನೆ ಸುಟ್ಟುಹೋದವನು ಕತ್ತಿಯನ್ನು ಕೆಳಗಿಡಬಲ್ಲನೆಂದು ವಾದಿಸುತ್ತಾರೆ. ಸುರಕ್ಷಿತವಾದ ಮನೆಯಲ್ಲಿ ಕುಳಿತು ತೀರ್ಪಿನ ಮಾತೇ ಬೇಡವೆನ್ನುವುದು ಸುಲಭವೆಂಬ ಅವರ ಎಚ್ಚರಿಕೆ ನನಗೆ ನ್ಯಾಯವಾಗಿಯೇ ತೋರುತ್ತದೆ.

ಈ ಎಲ್ಲ ಎಳೆಗಳೂ ಒಂದು ರಾತ್ರಿ ಒಂದೇ ವೇದಿಕೆಯಲ್ಲಿ ಕೂಡಿದುವು. 1968ರ ಫೆಬ್ರವರಿ 1ರಂದು ಅಮೆರಿಕೆಯ ಮೆಂಫಿಸ್ ನಗರದಲ್ಲಿ ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯೊಳಗೆ ನಿಂತಿದ್ದ ಇಬ್ಬರು ಕರಿಯ ಪೌರಕಾರ್ಮಿಕರನ್ನು ಕಸ ಅದುಮುವ ಯಂತ್ರ ಜಜ್ಜಿಹಾಕಿತು. ಸುಮಾರು 1,300 ಮಂದಿ ಕೆಲಸ ನಿಲ್ಲಿಸಿ, ತಾನೂ ಮನುಷ್ಯನೆಂದು ಸಾರುವ ಫಲಕಗಳನ್ನು ಕೊರಳಿಗೆ ಹಾಕಿಕೊಂಡು ಬೀದಿಗಿಳಿದರು. ಏಪ್ರಿಲ್ 3ರ ಬಿರುಗಾಳಿಯ ರಾತ್ರಿ ಅವರ ಮುಂದೆ ನಿಂತ ಮಾರ್ಟಿನ್ ಲೂಥರ್ ಕಿಂಗರು, ಹೊಸ ಯೆರೂಸಲೇಮಿನ ಮಾತನ್ನು ಆಡುವುದು ಒಳ್ಳೆಯದೇ, ಆದರೆ ಬೋಧಕರು ಹೊಸ ಮೆಂಫಿಸಿನ ಮಾತನ್ನೂ ಆಡಬೇಕೆಂದರು. ಪರಲೋಕದ ಬಿಳಿಯ ನಿಲುವಂಗಿಗಳನ್ನು ಕುರಿತು ಹೇಳುವವರು ಇಲ್ಲಿ ಉಡಲು ಬಟ್ಟೆಯೂ ತೊಡಲು ಪಾದರಕ್ಷೆಯೂ ಬೇಕೆಂಬುದನ್ನು ಮರೆಯಬಾರದೆಂದರು. ಕರ್ತನ ಬರೋಣದ ಮಹಿಮೆಯನ್ನು ತನ್ನ ಕಣ್ಣುಗಳು ಕಂಡಿವೆಯೆಂದು ಮಾತು ಮುಗಿಸಿದರು. ಮರುದಿನ ಸಂಜೆ ಅವರನ್ನು ಗುಂಡಿಕ್ಕಿ ಕೊಂದರು. ಮುಷ್ಕರ ನಿಲ್ಲಲಿಲ್ಲ, ಏಪ್ರಿಲ್ 16ರಂದು ಮೆಂಫಿಸಿನ ನಗರಾಡಳಿತ ಪೌರಕಾರ್ಮಿಕರ ಸಂಘವನ್ನು ಮಾನ್ಯಮಾಡಿ, ಅವರ ಕೂಲಿಯನ್ನು ಹೆಚ್ಚಿಸಲು ಒಪ್ಪಿಕೊಂಡಿತು.